ಪೇಪರು ಉಳಿಸುವ ಒಕ್ಕಲು

ತಿಂಗಳ ಕೊನೆಗೆ ಹಳೇ ಪೇಪರಿನವರ ತಕ್ಕಡಿ ಏರುವ ಕಟ್ಟಿನಲ್ಲಿ ಏನುಂಟು, ಏನಿಲ್ಲ! ಅಡಿಕೆ ಧಾರಣೆ, ಮಳೆಯ ಲೆಕ್ಕ, ನಾಟಕ ಕಂಪನಿಯ ಜಾಹೀರಾತು, ಶ್ರದ್ಧಾಂಜಲಿ, ಕಾಣೆಯಾದವರ ಫೋಟೊ. ದೊರೆಗಳ ದಾನದತ್ತಿ ತಿಳಿಯಲು ಶಾಸನಗಳಿವೆ. ಸಾಮಾನ್ಯರ ಸಂತೆ, ಸಾವು, ಸಂಭ್ರಮ ತಿಳಿಯಲು ಪೇಪರೇ ಗತಿ.

ಆದರೆ ಅದರ ಆಯಸ್ಸು ಕಮ್ಮಿ. ಹಿಂದೆ ಚಿಂದಿಬಟ್ಟೆಯಿಂದ ಕಾಗದ ಮಾಡುತ್ತಿದ್ದರು, ಅದು ಬಾಳುತ್ತಿತ್ತು. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಅಗ್ಗದ ಮರದ ತಿರುಳು ಬಂತು. ಅದರಲ್ಲಿ ಉಳಿದ ಲಿಗ್ನಿನ್ ಬಿಸಿಲಿಗೆ ಹಳದಿಯಾಗುತ್ತದೆ, ಆಮ್ಲ ನಾರನ್ನು ತಿನ್ನುತ್ತದೆ. ಕೊನೆಗೆ ಮಡಿಚಿದರೆ ಹಪ್ಪಳದಂತೆ ಮುರಿಯುತ್ತದೆ.

ಜಗತ್ತಿನ ಪತ್ರಿಕೆಗಳನ್ನೆಲ್ಲ ಕಾಪಾಡುವ ಶಕ್ತಿ ಯಾವ ಒಂದು ಗ್ರಂಥಾಲಯಕ್ಕೂ ಇಲ್ಲ. ಇದನ್ನು ಬೇಗ ಮನಗಂಡವರು ಷಿಕಾಗೋದವರು. 1949ರಲ್ಲಿ ಅಮೆರಿಕದ ಮಧ್ಯಪಶ್ಚಿಮದ ಹತ್ತು ವಿಶ್ವವಿದ್ಯಾಲಯಗಳು ಸೇರಿ ಅಲ್ಲೊಂದು ಸಮಾನ ಉಗ್ರಾಣ ಕಟ್ಟಿಕೊಂಡವು. ಅದೇ ಇಂದಿನ ಸೆಂಟರ್ ಫಾರ್ ರಿಸರ್ಚ್ ಲೈಬ್ರರೀಸ್. 1956ರಿಂದ ಪರದೇಶದ ಪತ್ರಿಕೆಗಳನ್ನು ಮೈಕ್ರೋಫಿಲ್ಮಿಗಿಳಿಸುವ ಕೆಲಸವೂ ಒಟ್ಟಾಗಿಯೇ ನಡೆಯಿತು. ಖರ್ಚು ಎಲ್ಲರದು, ಸುರುಳಿ ಬೇಕಾದವರಿಗೆ ಕಡ.

ಅಮೆರಿಕ ಎಂದಾಗ ಆ ದೇಶದ ಪಿ.ಎಲ್. 480 ಕಾಯ್ದೆಯಡಿ ನಮಗೆ ಬಂದ ಗೋಧಿ ನೆನಪಾಗುತ್ತದೆ. ಆ ಗೋಧಿಗೆ ಭಾರತ ರೂಪಾಯಿಯಲ್ಲೇ ಹಣ ಕೊಟ್ಟಿತ್ತು. 1962ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆದ ಲೈಬ್ರರಿ ಆಫ್ ಕಾಂಗ್ರೆಸ್, ಆ ರೂಪಾಯಿಯಲ್ಲೇ ನಮ್ಮ ಭಾಷೆಗಳ ಪುಸ್ತಕ, ಪತ್ರಿಕೆಗಳನ್ನು ಕೊಂಡು ತನ್ನ ದೇಶದ ವಿಶ್ವವಿದ್ಯಾಲಯಗಳಿಗೆ ಹಂಚಿತು. ಕನ್ನಡವೂ ಹಡಗು ಹತ್ತಿತು. ನಾವು ಉಂಡು ಮರೆತ ಗೋಧಿಯ ದುಡ್ಡು ಅಲ್ಲಿ ಅಕ್ಷರವಾಗಿ ಕೂತಿದೆ!

ಎಲ್ಲವೂ ಒಂದೇ ಸೂರಿನಡಿ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ನಿನ ಕಾಲಿಂಡೇಲ್ ಸಾಕ್ಷಿ. 1940ರ ಅಕ್ಟೋಬರಿನಲ್ಲಿ ಅಲ್ಲಿದ್ದ ಬ್ರಿಟಿಷ್ ಮ್ಯೂಸಿಯಂನ ಪತ್ರಿಕಾ ಗ್ರಂಥಾಲಯದ ಮೇಲೆ ಜರ್ಮನ್ ಬಾಂಬು ಬಿದ್ದು ಸುಮಾರು 6,000 ಸಂಪುಟಗಳು ನಾಶವಾದವು. ಹೆಚ್ಚಿನವು ರಾಜಧಾನಿಯಾಚೆಯ ಊರುಗಳ ಪತ್ರಿಕೆಗಳು. ಇನ್ನೆಲ್ಲೂ ಪ್ರತಿ ಇಲ್ಲದ ಊರಿನ ಕಥೆ ಅಲ್ಲಿಗೇ ಮುಗಿಯಿತು.

ಆಸ್ಟ್ರೇಲಿಯದ ಅಂತರ್ಜಾಲ ಪತ್ರಿಕಾ ಭಂಡಾರ ಟ್ರೋವ್‌ನಲ್ಲಿ ಈಗ ಓದುಗರೂ ಕೈಜೋಡಿಸಿದ್ದಾರೆ. ಹಳೆಯ ಅಚ್ಚನ್ನು ಯಂತ್ರ ತಪ್ಪಾಗಿ ಓದಿದ ಕಡೆ ಮನೆಯಲ್ಲೇ ಕೂತು ತಿದ್ದುತ್ತಾರೆ. ಅಜ್ಜನ ಹೆಸರು ಹುಡುಕಲು ಬಂದವರು ಅಪರಿಚಿತರ ಅಜ್ಜಂದಿರಿಗೂ ದಾರಿ ಮಾಡಿಕೊಡುತ್ತಾರೆ.

ನಮ್ಮಲ್ಲೂ ಕೆಲಸವಿದೆ. ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರು ಸಮಾಚಾರ’ ತಂದಂದಿನಿಂದ ಊರೂರಲ್ಲಿ ಪತ್ರಿಕೆ ಹುಟ್ಟಿವೆ. ಜಿಲ್ಲಾ ಗ್ರಂಥಾಲಯ, ಹಳೆಯ ಕಾಲೇಜು, ಪತ್ರಿಕಾ ಕಚೇರಿ ಒಟ್ಟಿಗೆ ಕೂತು ಯಾರಲ್ಲಿ ಯಾವ ವರ್ಷದ ಸಂಪುಟವಿದೆ ಎಂದು ಮೊದಲು ಒಂದು ಪಟ್ಟಿ ಮಾಡಲಿ. ಸ್ಕ್ಯಾನ್ ಆಮೇಲೆ ಆದೀತು. ಆದ ಮೇಲೂ ಮೂಲ ಪ್ರತಿಯನ್ನು ರದ್ದಿಗೆ ಹಾಕಬಾರದು. ಪಟ್ಟಿಗೆ ದೊಡ್ಡ ಅನುದಾನ ಬೇಡ, ಪರಸ್ಪರ ನಂಬಿಕೆ ಸಾಕು. ಅದನ್ನು ಈ ವರ್ಷವೇ ಶುರುಮಾಡಬಹುದು.