ಕಣ್ಣು ಕಾಯ್ದ ಕಂಪು

ಜಪಾನಿನ ಉತ್ತರದಲ್ಲಿರುವ ಹೊಕ್ಕೈಡೋ ದ್ವೀಪದ ನಡುನಾಡು ಚಳಿಗಾಲವೆಲ್ಲ ಹಿಮದ ಹೊದಿಕೆಯ ಕೆಳಗೆ ಮಲಗಿರುತ್ತದೆ. ಆ ಹಿಮವು ಕರಗಿ ಜುಲೈ ತಿಂಗಳು ಬಂದಿತೆಂದರೆ, ಅಲ್ಲಿನ ಫುರಾನೋ ಕಣಿವೆಯ ಇಳಿಜಾರುಗಳಿಗೆ ನೇರಿಳೆಯ ಹಚ್ಚಡವನ್ನು ಹೊದಿಸಿದಂತಾಗುವುದು. ದೂರದಲ್ಲಿ ಟೊಕಾಚಿ ಪರ್ವತಪಂಕ್ತಿ; ಕೆಳಗೆ ರೈತರ ಹೊಲಗದ್ದೆಗಳು; ದಿಬ್ಬದ ಮೇಲೆ ಲ್ಯಾವೆಂಡರ್ ಗಿಡಗಳ ಸಾಲು. ಬೇಸಗೆಯಲ್ಲಿ ಮಾತ್ರ ತೆರೆಯುವ ಪುಟ್ಟ ರೈಲು ನಿಲ್ದಾಣದಲ್ಲಿ ಇಳಿದು ನಡೆಯುವ ಯಾತ್ರಿಕನನ್ನು ಮೊದಲು ಎದುರ್ಗೊಳ್ಳುವುದು ಗಾಳಿಯಲ್ಲಿ ಬರುವ ಕಂಪು. ಹೂವು ಕಾಣುವುದು ಆಮೇಲೆ.

ಈ ಗಿಡವು ಆ ನಾಡಿನದಲ್ಲ. ಇದರ ತೌರು ಮೆಡಿಟರೇನಿಯನ್ ಸಮುದ್ರದ ತೀರ. 1937ರಲ್ಲಿ ಫ್ರಾನ್ಸಿನಿಂದ ಬೀಜಗಳನ್ನು ತರಿಸಿ ಹೊಕ್ಕೈಡೋದಲ್ಲಿ ಬೆಳೆಸಲು ತೊಡಗಿದವರು ಸುಗಂಧದ್ರವ್ಯದ ವ್ಯಾಪಾರಿಗಳು. ನಾಕಫುರಾನೋದ ರೈತ ಟೊಮಿತಾ ತದಾವೋ ಅವರು 1958ರಲ್ಲಿ ಇದನ್ನು ನೆಟ್ಟದ್ದೂ ಎಣ್ಣೆಗಾಗಿಯೇ. ಹೂವನ್ನು ನೋಡುವುದಕ್ಕೆಂದು ಹೊಲ ಉಳುವವರು ಆಗ ಯಾರಿದ್ದರು?

1970ರ ದಶಕದಲ್ಲಿ ಕೃತಕ ಸುಗಂಧವೂ ಅಗ್ಗದ ವಿದೇಶೀ ಎಣ್ಣೆಯೂ ಮಾರುಕಟ್ಟೆಯನ್ನು ತುಂಬಿದವು. ಫುರಾನೋದ ಹೂವಿಗೆ ಬೆಲೆಯಿಲ್ಲದಾಯಿತು. ರೈತರು ಒಬ್ಬೊಬ್ಬರಾಗಿ ಗಿಡಗಳನ್ನು ಕಿತ್ತು ಬೇರೆ ಬೆಳೆಗೆ ತಿರುಗಿದರು. ಅವರದು ತಪ್ಪೆನ್ನುವಂತಿಲ್ಲ, ಮನೆಮಂದಿಯ ಹೊಟ್ಟೆ ಕಂಪಿನಿಂದ ತುಂಬುವುದಿಲ್ಲ. ಟೊಮಿತಾ ಅವರಿಗೆ ಮಾತ್ರ ತಮ್ಮ ಗಿಡಗಳನ್ನು ಉತ್ತುಹಾಕಲು ಮನಸ್ಸು ಬಾರಲಿಲ್ಲ. ಹೀಗಿರುವಾಗ 1976ರಲ್ಲಿ ಜಪಾನಿನ ರೈಲ್ವೆಯ ಪಂಚಾಂಗಪಟದಲ್ಲಿ ಅವರ ತೋಟದ ಚಿತ್ರವೊಂದು ಅಚ್ಚಾಯಿತು. ಅದನ್ನು ಕಂಡವರು ಹೊಲವನ್ನು ಹುಡುಕಿಕೊಂಡು ಬರತೊಡಗಿದರು. ಮೂಗಿಗಾಗಿ ಬೆಳೆದ ಬೆಳೆಯನ್ನು ಕಣ್ಣು ಉಳಿಸಿತು. 1990ರಲ್ಲಿ ಈ ತೋಟದ ಎಣ್ಣೆಗೆ ಫ್ರಾನ್ಸಿನಲ್ಲಿ ನಡೆದ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂದಿತು. ಬೀಜವು ಬಂದ ನಾಡಿಗೆ ಫಲವು ಮರಳಿ ಹೋಗಿ ಮನ್ನಣೆ ಪಡೆಯಿತು.

ಈಗ ಜುಲೈ ತಿಂಗಳಲ್ಲಿ ಕಣಿವೆಯ ಊರುಗಳಲ್ಲಿ ಹೂವಿನ ಹಬ್ಬ, ಇರುಳಿನಲ್ಲಿ ಬಾಣಬಿರುಸು. ಆದರೆ ಹಬ್ಬದ ಬೆನ್ನಿಗೇ ಕೊಯ್ಲೂ ಬರುತ್ತದೆ. ನಿನ್ನೆ ಕಂಡ ನೇರಿಳೆಯ ಸಾಲು ಇಂದು ಬೋಳಾಗಿರುವುದನ್ನು ಕಂಡ ಯಾತ್ರಿಕನು, ಇನ್ನೆರಡು ದಿನ ತಾಳಬಾರದಾಗಿತ್ತೇ ಎಂದುಕೊಳ್ಳುವುದುಂಟು. ಅವನ ಮರುಕ ಸಹಜವಾದುದು. ಆದರೆ ಗಿಡದ ಗುಣ ಬೇರೆ. ಹೂವು ಬಾಡಿದರೆ ಎಣ್ಣೆ ಕುಂದುವುದು. ಕತ್ತರಿಸದೆ ಬಿಟ್ಟರೆ ಗಿಡದ ಬುಡವು ಕಟ್ಟಿಗೆಯಂತೆ ಬಲಿತು, ವರ್ಷವರ್ಷಕ್ಕೆ ಹೂವು ಕಡಮೆಯಾಗುವುದು. ಕೊಯ್ದ ಹೂವನ್ನು ಕೊಪ್ಪರಿಗೆಗೆ ತುಂಬಿ ಹಬೆ ಹಾಯಿಸುತ್ತಾರೆ. ಹಬೆ ತಣಿದು ನೀರಾದಾಗ ಎಣ್ಣೆ ಅದರ ಮೇಲೆ ತೇಲುತ್ತದೆ. ನೂರು ಪಾಲು ಹೂವಿಗೆ ಒಂದು ಪಾಲು ಎಣ್ಣೆ ದೊರೆತರೆ ಒಳ್ಳೆಯ ಬೆಳೆ.

ನೋಡುವವರಿಲ್ಲದಿದ್ದರೆ ಈ ಹೊಲವು ಎಂದೋ ಅಳಿಯುತ್ತಿತ್ತು. ನೋಡುವವರಿಗಾಗಿ ಮಾತ್ರವೇ ಇಟ್ಟುಕೊಂಡರೆ ಅದು ಹೊಲವಾಗಿ ಉಳಿಯದು, ಬರಿಯ ಚಿತ್ರವಾದೀತು. ಬಂದವರ ಸಂತೋಷಕ್ಕೆ ಅಡ್ಡಿ ಮಾಡದೆ, ಅವರು ನೋಡುತ್ತಿರುವಂತೆಯೇ ಕುಡುಗೋಲು ಹಿಡಿಯುವ ರೈತನು ಈ ಎರಡನ್ನೂ ಬಲ್ಲವನು. ಮುಂದಿನ ಜುಲೈಯ ಹೂವು ಅವನ ಈ ಕೊಯ್ಲಿನಲ್ಲಿಯೇ ಇದೆ.