ಅಬರ್ಡೀನಿನಿಂದ ತಮ್ಮನಿಗೆ

ಅಬರ್ಡೀನ್, ಸ್ಕಾಟ್ಲೆಂಡ್
ಜುಲೈ

ಪ್ರೀತಿಯ ತಮ್ಮಾ,

ಎಡಿನ್‌ಬರೋದಿಂದ ರೈಲಿನಲ್ಲಿ ಬಂದೆ. ಟೇ ಸೇತುವೆ ದಾಟಿದ ಮೇಲೆ ಬಲಗಡೆ ಬಹುದೂರ ಸಮುದ್ರ ಜೊತೆಗೇ ಬರುತ್ತದೆ. ಅಬರ್ಡೀನ್ ಬೂದು ಗ್ರಾನೈಟಿನಲ್ಲಿ ಕಟ್ಟಿದ ಊರು; ಬಿಸಿಲು ಬಿದ್ದರೆ ಗೋಡೆಗಳು ಮಿನುಗುತ್ತವೆ. ಪೇಟೆಗೆ ಅಂಟಿಕೊಂಡೇ ಬಂದರು. ಎಣ್ಣೆಬಾವಿಗಳ ಪ್ಲಾಟ್‌ಫಾರ್ಮ್‌ಗಳಿಗೆ ಸಾಮಾನು ಒಯ್ಯುವ ಹಡಗುಗಳು ಅಲ್ಲಿ ಸಾಲಾಗಿ ನಿಂತಿವೆ. 1970ರ ದಶಕದಿಂದ ಈ ಊರಿಗೆ ಅನ್ನ ಹಾಕಿದ್ದು ಉತ್ತರ ಸಮುದ್ರದ ಎಣ್ಣೆ.

ನೀನು ಕಡಲ ನಡುವಿನ ಮುಂಬೈ ಹೈ ಎಣ್ಣೆಬಾವಿಗಳಿಗೆ ಕೆಲಸಕ್ಕೆ ಹೊರಟಿದ್ದೀಯ. ಅದಕ್ಕೇ ಇಲ್ಲಿನ ಹೇಜಲ್‌ಹೆಡ್ ಪಾರ್ಕಿಗೆ ಹೋಗಿ ಬಂದೆ. ಗುಲಾಬಿ ತೋಟದ ನಡುವೆ ಮೂವರು ಕಾರ್ಮಿಕರ ಕಂಚಿನ ಪ್ರತಿಮೆಗಳಿವೆ. ಕೆಳಗೆ ಕಲ್ಲಿನಲ್ಲಿ ಕೊರೆದ 167 ಹೆಸರುಗಳು. 1988ರ ಜುಲೈ 6ರ ರಾತ್ರಿ ಉತ್ತರ ಸಮುದ್ರದ ಪೈಪರ್ ಆಲ್ಫಾ ಪ್ಲಾಟ್‌ಫಾರ್ಮ್ ಹೊತ್ತಿ ಉರಿದಾಗ ಸತ್ತವರು. ಇವರಲ್ಲಿ ಇಬ್ಬರು ದೋಣಿಯಲ್ಲಿ ಕಾಪಾಡಲು ಹೋದವರು. 30 ಮಂದಿಯ ದೇಹ ಸಿಗಲೇ ಇಲ್ಲ; ಅವರ ಮನೆಯವರಿಗೆ ಹೂವಿಡಲು ಈ ಕಲ್ಲಿದೆ.

ಆದದ್ದೇನೆಂದು ನೀನು ತಿಳಿದಿರಬೇಕು. ಹಗಲು ಪಾಳಿಯವರು ಒಂದು ಪಂಪಿನ ಸುರಕ್ಷತಾ ವಾಲ್ವನ್ನು ತಪಾಸಣೆಗೆಂದು ಬಿಚ್ಚಿದ್ದರು. ಆ ಬಾಯಿಗೆ ಒಂದು ಲೋಹದ ಮುಚ್ಚಳ ಕೂರಿಸಿದ್ದರು, ಆದರೆ ಅನಿಲದ ಒತ್ತಡ ತಡೆಯುವಷ್ಟು ಬಿಗಿಯಾಗಿ ಅಲ್ಲ. ರಾತ್ರಿ ಇನ್ನೊಂದು ಪಂಪು ಕೆಟ್ಟು ನಿಂತಿತು. ರಾತ್ರಿ ಪಾಳಿಯವರ ಕೈಗೆ ಮೊದಲ ಪಂಪಿನ ದುರಸ್ತಿಯ ಪರ್ಮಿಟ್ ಸಿಕ್ಕಿತು. ವಾಲ್ವ್ ಬಿಚ್ಚಿದೆ ಎನ್ನುವ ಪರ್ಮಿಟ್ ಸಿಗಲಿಲ್ಲ, ಬಾಯಿಮಾತಿನಲ್ಲಿ ಯಾರೂ ಹೇಳಿಯೂ ಇರಲಿಲ್ಲ. ಆ ಪಂಪನ್ನೇ ಚಾಲೂ ಮಾಡಿದರು. ಸುಮಾರು ಹತ್ತು ಗಂಟೆಗೆ ಮೊದಲ ಸ್ಫೋಟ.

ಅಲ್ಲಿನ ಗೋಡೆಗಳು ಬೆಂಕಿ ತಡೆಯುವಂಥವು, ಸ್ಫೋಟ ತಡೆಯುವಂಥವಲ್ಲ. ಮುಳುಗುಗಾರರು ನೀರಿಗಿಳಿಯುವಾಗ ನೀರಿನ ಸೆಳೆತಕ್ಕೆ ಸಿಕ್ಕಬಾರದೆಂದು ಬೆಂಕಿ ಆರಿಸುವ ಪಂಪುಗಳು ತಾವಾಗಿ ಶುರುವಾಗದಂತೆ ಮಾಡಿದ್ದರು. ಪೈಪರಿಗೆ ಕೊಳವೆ ಮೂಲಕ ಕೂಡಿಕೊಂಡಿದ್ದ ಟಾರ್ಟನ್, ಕ್ಲೇಮೋರ್ ಪ್ಲಾಟ್‌ಫಾರ್ಮ್‌ಗಳಲ್ಲಿ ಉತ್ಪಾದನೆ ಕೂಡಲೇ ನಿಲ್ಲಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಟಾರ್ಟನ್ನಿನ ಅನಿಲದ ಕೊಳವೆ ಸಿಡಿಯಿತು. ಹೆಲಿಕಾಪ್ಟರ್ ಬರುತ್ತದೆಂದು ವಸತಿ ಬ್ಲಾಕಿನಲ್ಲಿ ಕಾದವರು ಹೊಗೆಯಲ್ಲಿ ಉಸಿರುಗಟ್ಟಿ ಸತ್ತರು. ಬದುಕಿದ 61 ಮಂದಿಯಲ್ಲಿ ಬಹಳಷ್ಟು ಜನ ತಮ್ಮ ನಿರ್ಧಾರದಿಂದಲೇ ಹೊರಬಿದ್ದು ಕೆಳಗಿಳಿದವರು, ಸಮುದ್ರಕ್ಕೆ ಹಾರಿದವರು.

ತನಿಖೆ ನಡೆಸಿದ ಲಾರ್ಡ್ ಕಲನ್ 1990ರಲ್ಲಿ 106 ಶಿಫಾರಸುಗಳನ್ನು ಕೊಟ್ಟರು. ಅಪಾಯಗಳೇನು, ಅವುಗಳಿಗೆ ತಾನು ಮಾಡಿದ ಏರ್ಪಾಡೇನು ಎಂದು ಪ್ಲಾಟ್‌ಫಾರ್ಮ್ ನಡೆಸುವ ಕಂಪನಿಯೇ ಬರೆದು ತೋರಿಸಬೇಕೆಂಬ ಕಾನೂನು ಬಂದದ್ದು ಅದರಿಂದ.

ನೀನು ಹೋಗುವ ಕಡಲೂ ಇಂಥ ದುರಂತ ಕಂಡಿದೆ. 2005ರ ಜುಲೈ 27ರಂದು ಗಾಯಗೊಂಡ ತನ್ನ ಅಡುಗೆಯವರೊಬ್ಬರನ್ನು ಮುಂಬೈ ಹೈ ಉತ್ತರ ಪ್ಲಾಟ್‌ಫಾರ್ಮಿಗೆ ಹತ್ತಿಸಲು ಹತ್ತಿರ ಬಂದ ಹಡಗು ಅನಿಲದ ಕೊಳವೆಗೆ ತಾಗಿತು. ಎರಡು ಗಂಟೆಯಲ್ಲಿ ಇಡೀ ಪ್ಲಾಟ್‌ಫಾರ್ಮ್ ಹೋಯಿತು. 22 ಜನ ಸತ್ತರು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತಕ್ಕೆ ಪಿ-305 ಬಾರ್ಜ್ ಅದೇ ಕಡಲಲ್ಲಿ ಮುಳುಗಿತು.

ನಿನ್ನನ್ನು ಹೆದರಿಸಲು ಇದನ್ನೆಲ್ಲ ಬರೆಯುತ್ತಿಲ್ಲ. ಇಂಥ ಕಡೆ ಒಬ್ಬನಿಗೆ ಗೊತ್ತಿದ್ದದ್ದು ಮುಂದಿನವನಿಗೆ ತಲುಪದಿದ್ದರೆ ಸಾಕು, ಜೀವ ಹೋಗುತ್ತದೆ. ಪಾಳಿ ಬದಲಾಗುವಾಗ ಲಾಗ್ ಪುಸ್ತಕ ಓದಿದರೆ ಸಾಲದು, ಕೆಲಸ ಬಿಟ್ಟು ಹೋಗುವವನನ್ನು ನಿಲ್ಲಿಸಿ ಕೇಳು. ನಿನ್ನ ಸರದಿ ಮುಗಿದಾಗ ನೀನೂ ನಿಂತು ಹೇಳು. ಅನುಮಾನ ಬಂದರೆ ಕೆಲಸ ನಿಲ್ಲಿಸುವ ಅಧಿಕಾರ ಯಾರಿಗಿದೆ ಎಂದು ಮೊದಲ ದಿನವೇ ವಿಚಾರಿಸು. ಹಾಸಿಗೆಯಿಂದ ಲೈಫ್‌ಬೋಟಿನವರೆಗಿನ ಎರಡು ದಾರಿಗಳನ್ನು ನಡೆದು ನೋಡಿಕೋ. ಹೊಸಬನೆಂದು ಸಂಕೋಚಪಡಬೇಡ.

ಅಪಾಯವೇ ಇಲ್ಲ ಎಂದು ಅಮ್ಮನಿಗೆ ಸುಳ್ಳು ಹೇಳಬೇಡ. ಕೇಳಿ ಖಾತ್ರಿ ಮಾಡಿಕೊಳ್ಳದೆ ಯಾವ ವಾಲ್ವಿಗೂ ಕೈ ಹಾಕುವುದಿಲ್ಲ ಎಂದು ಮಾತು ಕೊಡು. ಆ ಮಾತು ನನಗೂ ಬೇಕು. ಹೊರಡುವ ಮುಂಚೆ ಫೋನ್ ಮಾಡು.

ನಿನ್ನ
ಅಕ್ಕ