ಅಕಿಹಾಬಾರಾದಲ್ಲಿ ಅಣ್ಣನಿಗೊಂದು ಜಾಯ್‌ಸ್ಟಿಕ್

ಆಫೀಸಿನ ಕೆಲಸದ ಮೇಲೆ ಪುಣೆಯಿಂದ ಟೋಕಿಯೊಗೆ ಹತ್ತು ದಿನಕ್ಕೆ ಹೋದವನಿಗೆ ಸಿಕ್ಕಿದ್ದು ಒಂದೇ ಭಾನುವಾರ. ಜೊತೆಯವರು ಫ್ಯೂಜಿ ಪರ್ವತ ನೋಡಲು ಬೆಳಗ್ಗೆಯೇ ಬಸ್ಸು ಹತ್ತಿದರು. ನಾನು ರೈಲು ಹಿಡಿದು ಅಕಿಹಾಬಾರಾದಲ್ಲಿ ಇಳಿದೆ. ಜೇಬಿನಲ್ಲೊಂದು ಚೀಟಿ ಇತ್ತು. ಒಂದು ಮರದ ಪೆಟ್ಟಿಗೆಯ ಒಳಗಿನ ಆಳ, ಮೇಲಿನ ಹಲಗೆಯ ದಪ್ಪ, ನಾಲ್ಕು ಸ್ಕ್ರೂ ತೂತುಗಳ ನಡುವಿನ ಅಂತರ. ದಾವಣಗೆರೆಯಲ್ಲಿ ಅಣ್ಣನ ಮಗಳು ಅವನಿಗೆ ಗೊತ್ತಾಗದ ಹಾಗೆ ಸ್ಕೇಲಿನಲ್ಲಿ ಅಳೆದು ವಾಟ್ಸ್‌ಆ್ಯಪ್ ಮಾಡಿದ್ದ ಲೆಕ್ಕ ಅದು.

ನನ್ನ ವಯಸ್ಸಿನವರಿಗೆ ‘ಮುಸ್ತಫಾ’ ಗೇಮು ನೆನಪಿರಬಹುದು. ಅದರ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್’, ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದದ್ದು. ನಮಗೆ ಅದೆಲ್ಲ ಯಾರಿಗೆ ಬೇಕಿತ್ತು? ಟೋಪಿ ಹಾಕಿಕೊಂಡು ಓಡಿ ಬಂದು ಒದೆಯುವವನ ಹೆಸರೇ ಗೇಮಿನ ಹೆಸರಾಯಿತು. ನಮ್ಮ ಬೀದಿಯ ತುದಿಯಲ್ಲಿದ್ದ ಅಂಗಡಿಯಲ್ಲಿ ಒಂದು ಆಟಕ್ಕೆ ಒಂದು ರೂಪಾಯಿ. ಇಬ್ಬರ ಹತ್ತಿರ ಇರುತ್ತಿದ್ದದ್ದೂ ಒಂದೇ ರೂಪಾಯಿ. ಹಾಗಾಗಿ ಒಂದು ಒಪ್ಪಂದ: ಎಡಗಡೆಯ ಜಾಯ್‌ಸ್ಟಿಕ್ ಅಣ್ಣನದು, ಬಲಗಡೆಯ ಬಟನ್ನುಗಳು ನನ್ನವು. ಅವನು ನಡೆಸಿದ ಕಡೆಗೆ ನಾನು ಹೊಡೆಯಬೇಕು. ಸತ್ತರೆ ತಪ್ಪು ಯಾವಾಗಲೂ ನನ್ನದೇ.

ಮುಂದೆ ಅಪ್ಪ ಹೋದ ಮೇಲೆ ಅಣ್ಣ ಪಿಯುಸಿ ಬಿಟ್ಟು ಹಿಟ್ಟಿನ ಗಿರಣಿಗೆ ಕೂತ. ನಾನು ಎಂ.ಟೆಕ್ ಮುಗಿಸಿದೆ. ಕೆಲವು ವರ್ಷಗಳ ಹಿಂದೆ ಗಿರಣಿಯ ಬೆಲ್ಟಿಗೆ ಅವನ ಎಡಗೈ ಸಿಕ್ಕಿತು. ಕೈ ಉಳಿಯಿತು, ಆದರೆ ಉಂಗುರದ ಬೆರಳು, ಕಿರುಬೆರಳು ಮಡಚುವುದಿಲ್ಲ. ಕಳೆದ ದೀಪಾವಳಿಗೆ ನಾನು ಹುರುಪಿನಲ್ಲಿ ಇಬ್ಬರು ಆಡುವ ಒಂದು ಅಗ್ಗದ ಆರ್ಕೇಡ್ ಪೆಟ್ಟಿಗೆ ತರಿಸಿ ಟಿವಿಗೆ ಹಚ್ಚಿದೆ. ಅಣ್ಣ ಕೂತ, ಐದು ನಿಮಿಷ ಹಿಡಿ ಎಳೆದಾಡಿದ, ಎದ್ದ. “ನೀವು ಆಡ್ರಪ್ಪ, ನಾನು ನೋಡ್ತೀನಿ” ಅಂದ. ಆಮೇಲೆ ನಾನೇ ಹಿಡಿದು ನೋಡಿದೆ. ಸ್ಪ್ರಿಂಗು ಕಲ್ಲಿನ ಹಾಗೆ ಬಿಗಿ. ಓರೆಯಾಗಿ ತಳ್ಳಿದರೆ ಮೂರು ಸಲಕ್ಕೆ ಒಂದು ಸಲ ಕೇಳುತ್ತಿತ್ತು. ಐದೂ ಬೆರಳು ನೆಟ್ಟಗಿರುವ ನನಗೇ ಕಷ್ಟ. ಪುಣೆಗೆ ವಾಪಸು ಬರುವ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ.

ಅಕಿಹಾಬಾರಾ ಎಂದರೆ ನಮ್ಮ ಎಸ್.ಪಿ. ರೋಡು, ಮುಂಬೈಯ ಲ್ಯಾಮಿಂಗ್ಟನ್ ರೋಡು, ಚೆನ್ನೈಯ ರಿಚಿ ಸ್ಟ್ರೀಟು ಎಲ್ಲ ಸೇರಿಸಿ, ಮೇಲೆ ಕಾರ್ಟೂನ್ ಹುಡುಗಿಯರ ಬಣ್ಣ ಬಳಿದ ಹಾಗೆ. ಯುದ್ಧ ಮುಗಿದ ಮೇಲೆ ಹತ್ತಿರದ ಕಾಂಡಾದಲ್ಲಿ ರಸ್ತೆಬದಿ ರೇಡಿಯೊ ಬಿಡಿಭಾಗ ಮಾರುತ್ತಿದ್ದವರನ್ನು 1949ರಲ್ಲಿ ಅಮೆರಿಕದ ಆಡಳಿತ ಎಬ್ಬಿಸಿತು. ಅವರು ಬಂದು ನೆಲೆಸಿದ್ದು ಇಲ್ಲಿ, ರೈಲು ಹಳಿಯ ಕೆಳಗೆ. ರೇಡಿಯೊ ಸೆಂಟರ್ ಎಂಬ ಆ ಜಾಗದಲ್ಲಿ ಇಂದಿಗೂ ಒಬ್ಬರು ಕೂರುವಷ್ಟೇ ಅಂಗಡಿಗಳು, ಡಬ್ಬಿಗಳ ತುಂಬ ಸ್ವಿಚ್ಚು, ಕನೆಕ್ಟರು, ವೈರು. ಮೇಲೆ ರೈಲು ಹೋದರೆ ಸದ್ದು ತಲೆಯ ಮೇಲೇ. ಭಾನುವಾರ ಮಧ್ಯಾಹ್ನ ದೊಡ್ಡ ರಸ್ತೆಯಲ್ಲಿ ವಾಹನ ನಿಲ್ಲಿಸಿ ಜನರಿಗೆ ಬಿಟ್ಟಿರುತ್ತಾರೆ. ನಡುರಸ್ತೆಯಲ್ಲಿ ಕೈಬೀಸಿಕೊಂಡು ನಡೆಯುವ ಸುಖ ಪುಣೆಯವರಿಗೇ ಗೊತ್ತು.

ಆರ್ಕೇಡ್ ಸಾಮಾನಿನ ಅಂಗಡಿಯ ಹುಡುಗನಿಗೆ ಚೀಟಿ ತೋರಿಸಿದೆ. ಫೋನಿನ ಅನುವಾದದಲ್ಲೇ ಮಾತುಕತೆ. ಅಮೆರಿಕದ ಉದ್ದ ಹಿಡಿ, ಸ್ಪ್ರಿಂಗಿನ ಬದಲು ರಬ್ಬರು ಹಾಕುವ ಕೊರಿಯಾದ ಹಿಡಿ ಬೇರೆ ಬೇರೆ ಪರಂಪರೆ. ಜಪಾನಿನದು ಗುಂಡಿನ ತಲೆಯದು. ಅದರಲ್ಲಿ ಹೆಸರಾದವು ಎರಡು: ಸನ್ವಾ ಕಂಪನಿಯ ಜೆಎಲ್‌ಎಫ್, ಸೈಮಿತ್ಸು ಕಂಪನಿಯ ಎಲ್‌ಎಸ್-32. ಸನ್ವಾ ಮೆತ್ತಗೆ, ಸ್ವಲ್ಪ ಜಾಸ್ತಿ ವಾಲುತ್ತದೆ. ಸೈಮಿತ್ಸು ಬಿಗಿ, ಸ್ವಲ್ಪ ತಳ್ಳಿದರೆ ಸಾಕು. ನನ್ನ ಐ.ಟಿ. ಬುದ್ಧಿ ಕೂಡಲೇ “ಯಾವುದು ಬೆಸ್ಟ್?” ಎಂದು ಕೇಳಿತು. ಹುಡುಗ ನಕ್ಕು, ಹೋಗಿ ಆಡಿ ಬನ್ನಿ ಎಂದ.

ಆಡುವುದಕ್ಕೆ ಅಲ್ಲಿ ಏನು ಬರ? ಸೆಗಾ ಹೆಸರಿನ ಆರ್ಕೇಡ್‌ಗಳು 2022ರಿಂದ ಗಿಗೊ ಆಗಿವೆ. ನಾನು ಹೋದದ್ದು ಟೈಟೊ ಕಂಪನಿಯ ‘ಹೇ’ಗೆ. 1978ರಲ್ಲಿ ‘ಸ್ಪೇಸ್ ಇನ್ವೇಡರ್ಸ್’ ಮಾಡಿದ ಕಂಪನಿ ಅದೇ. ಹಳೆಯ ಮಶೀನುಗಳ ಸಾಲು, 100 ಯೆನ್ ನಾಣ್ಯ. ಎಡಗೈಯ ಕೊನೆಯ ಎರಡು ಬೆರಳನ್ನು ನೆಟ್ಟಗೆ ಚಾಚಿಟ್ಟುಕೊಂಡು ಕೂತೆ. ಪಕ್ಕದವರು ಅಪ್ಪಿತಪ್ಪಿಯೂ ನೋಡಲಿಲ್ಲ, ಅದು ಅಲ್ಲಿನ ಮರ್ಯಾದೆ. ವಿಮಾನದಿಂದ ಗುಂಡು ಹಾರಿಸುವ ಆಟವೊಂದರ ಹಿಡಿ ಬಿಗಿಯಾಗಿತ್ತು. ಹತ್ತೇ ನಿಮಿಷಕ್ಕೆ ಹೆಬ್ಬೆರಳ ಬುಡ ನೋಯತೊಡಗಿತು. ಹೊಡೆದಾಟದ ಆಟದ ಮುಂದೆ ಕೂತರೆ ಹಿಡಿ ಮೆತ್ತಗೆ. ಗುಂಡನ್ನು ಮೇಲಿನಿಂದ ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ, ಉಂಡೆ ಕಟ್ಟುವಾಗ ಹಿಡಿದ ಹಾಗೆ ಹಿಡಿದರೂ ಸಾಕಾಯಿತು. ಜಪಾನಿನಲ್ಲಿ ಹಲವರು ಹಿಡಿಯ ಕಡ್ಡಿಯನ್ನು ಉಂಗುರದ ಬೆರಳು, ಕಿರುಬೆರಳ ಸಂದಿಯಲ್ಲಿ ಸೇರಿಸಿ ಹಿಡಿಯುತ್ತಾರೆ. ಅಣ್ಣನಿಗೆ ಆ ದಾರಿ ಇಲ್ಲ. ನಾಲ್ಕು ನಾಣ್ಯ ಮುಗಿಯುವಷ್ಟರಲ್ಲಿ ತೀರ್ಮಾನ ಆಯಿತು, ಸನ್ವಾ.

ಇನ್ನೊಂದು ಸಮಸ್ಯೆ ಗೇಟು. ಹಿಡಿಯ ಅಡಿಯಲ್ಲಿ ಕಡ್ಡಿ ಎಷ್ಟು ವಾಲಬೇಕೆಂದು ತಡೆಯುವ ಪ್ಲಾಸ್ಟಿಕ್ ತಟ್ಟೆ ಅದು. ಜೆಎಲ್‌ಎಫ್ ಜೊತೆ ಬರುವುದು ಚೌಕದ ತೂತು. ಅಂಚಿಗೆ ಒರಗಿಸಿಕೊಂಡು ಜಾರಿಸಿದರೆ ಹಿಡಿ ತಾನಾಗಿ ಮೂಲೆ ಸೇರುತ್ತದೆ, ಓರೆ ದಿಕ್ಕು ತಪ್ಪುವುದಿಲ್ಲ. ‘ಪ್ಯಾಕ್‌ಮ್ಯಾನ್’ನಂಥ ನಾಲ್ಕೇ ದಿಕ್ಕಿನ ಆಟಕ್ಕೆ ಅದೇ ತಟ್ಟೆಯನ್ನು 45 ಡಿಗ್ರಿ ತಿರುಗಿಸಿ ಹಾಕಬಹುದು. ಎಂಟು ಮೂಲೆಯದು ಬೇರೆ ಸಿಗುತ್ತದೆ. ಅಣ್ಣನಿಗೆ ಚೌಕವೇ ಸರಿ ಅನಿಸಿತು, ಆದರೂ ಧೈರ್ಯ ಸಾಲದೆ ಎರಡನೆಯದನ್ನೂ ಕೊಂಡೆ. ಐದು ವೈರಿನ ಕನೆಕ್ಟರನ್ನು ಮರೆಯದೆ ಕೇಳಿ ತೆಗೆದುಕೊಳ್ಳಬೇಕು, ಅದಿಲ್ಲದಿದ್ದರೆ ಊರಿಗೆ ಹೋಗಿ ಕೈ ಕೈ ಹಿಸುಕಿಕೊಳ್ಳಬೇಕಾಗುತ್ತದೆ.

ಮುಂದಿನ ತಿಂಗಳು ದಾವಣಗೆರೆಯಲ್ಲಿ ಪೆಟ್ಟಿಗೆ ಬಿಚ್ಚಿದೆ. ಮೊದಲು ವೈರುಗಳ ಫೋಟೊ, ಆಮೇಲೆ ಸ್ಕ್ರೂ. ಗುಂಡು ಬಿಚ್ಚಲು ಕಡ್ಡಿಯ ತಳದ ಗೀರಿಗೆ ಸ್ಕ್ರೂಡ್ರೈವರ್ ಕೊಟ್ಟು ಹಿಡಿದು, ಮೇಲೆ ಗುಂಡನ್ನು ತಿರುಗಿಸಬೇಕು. ಕಡ್ಡಿಯನ್ನು ಕೆಳಗಿನಿಂದ ತೂರಿಸಿ, ಸ್ಕ್ರೂ ಬಿಗಿದು, ಮತ್ತೆ ಗುಂಡು. ಹಳೆಯದರಲ್ಲಿ ನಾಲ್ಕು ಸ್ವಿಚ್ಚಿಗೂ ಎರಡೆರಡು ವೈರು. ಹೊಸದರಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು, ಎಲ್ಲಕ್ಕೂ ಸೇರಿ ಒಂದು ಗ್ರೌಂಡು. ಮೇಲಿನ ಸ್ವಿಚ್ಚು ‘ಮೇಲೆ’, ಕೆಳಗಿನದು ‘ಕೆಳಗೆ’ ಎಂದುಕೊಂಡು ಜೋಡಿಸಿದೆ. ಆನ್ ಮಾಡಿದರೆ ಬಲಕ್ಕೆ ತಳ್ಳಿದ ಮುಸ್ತಫಾ ಎಡಕ್ಕೆ ಓಡಿ ಗೋಡೆಗೆ ನಿಂತ. ಅಣ್ಣನ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಿರಣಿಯಿಂದ ಊಟಕ್ಕೆ ಬಂದ ಅಣ್ಣ ಬಾಗಿಲಲ್ಲೇ ನಿಂತು ಒಂದು ನಿಮಿಷ ನೋಡಿದ.

“ಅಲ್ಲೋ, ಏತ ನೋಡಿಲ್ಲೇನು? ಮೇಲಿನ ತುದಿ ಆ ಕಡೆ ಹೋದ್ರೆ ಕೆಳಗಿಂದು ಈ ಕಡೆ ಬರ್ತದೆ. ಸ್ವಿಚ್ಚು ಕೆಳಗಿದೆಯಲ್ಲ.”

ಹೌದಲ್ಲ! ವೈರುಗಳನ್ನು ಅದಲುಬದಲು ಮಾಡಿದೆ. ಅಣ್ಣ ಕೈತೊಳೆದು ಬಂದು ಕೂತ. ಹಿಟ್ಟು ಮೆತ್ತಿದ ಅಂಗಿಯಲ್ಲೇ. ಮೂರು ಬೆರಳು ಗುಂಡಿನ ಮೇಲೆ, ಎರಡು ಹೊರಗೆ. “ತೀರಾ ಮೆತ್ತಗಾಯ್ತು” ಅಂದ. ಎಂಟು ಮೂಲೆಯದು ಹಾಕಿಕೊಟ್ಟೆ, “ಮೊದಲಿಂದೇ ಇರ್ಲಿ ಬಿಡು” ಅಂದ. ಮತ್ತೆ ಬದಲಿಸಿದೆ. ಎರಡನೆಯ ಹಂತ ದಾಟಿದ. ಅವ್ವ ಎರಡು ಸಲ ಊಟಕ್ಕೆ ಕರೆದಳು, ಯಾರೂ ಏಳಲಿಲ್ಲ.

ಎರಡನೆಯವರ ಕಡೆಯ ಹಿಡಿ ಹಳೆಯದೇ, ಕಲ್ಲಿನಂಥದ್ದು. ನಾನು ಅದನ್ನು ಹಿಡಿದು ಅವನ ಜೊತೆ ಸೇರಿಕೊಂಡು ಅರ್ಧ ನಿಮಿಷಕ್ಕೆ ಸತ್ತೆ.

“ಇದಕ್ಕೂ ಒಂದು ತರಬಾರದಿತ್ತೇನೋ?” ಅಂದ ಅಣ್ಣ, ಟಿವಿಯಿಂದ ಕಣ್ಣು ತೆಗೆಯದೆ.